‘ಮಾಧ್ಯಮ’ ಅಂದ್ರೆ ಯಾವುದು? ಪ್ಯಾರಾಮೀಟರಿಗೆ ವಿವರಣೆ ಬರೆಯುವ ಪಾಠ

ಆನ್‌ಲೈನ್ ಫಾರ್ಮ್ ತುಂಬೋದು ನಮಗ್ಯಾರಿಗೂ ಹೊಸದಲ್ಲ. ಯುಡೈಸ್ ಕೋಡ್ ಹಾಕ್ತೀವಿ, ಮಾಧ್ಯಮ ಆರಿಸ್ತೀವಿ, ಬಟನ್ ಒತ್ತುತೀವಿ. ಹೀಗೆ ಕಳಿಸಿದ ಒಂದೊಂದು ತುಣುಕೂ ಒಂದು ರಿಕ್ವೆಸ್ಟ್ ಪ್ಯಾರಾಮೀಟರ್. ಸರ್ವರಿನಲ್ಲಿ ಅದನ್ನು ತಗೊಂಡು ಕೆಲಸಕ್ಕೆ ಹಚ್ಚುವ ಕೋಡಿಗೆ ಕಂಟ್ರೋಲರ್ ಅಂತಾರೆ. ಪ್ರಯೋಗದ ವಹಿಯಲ್ಲಿ ಬರೀ ‘10’ ಅಂತ ಬರೆದ ಹುಡುಗನಿಗೆ ‘10 ಏನಪ್ಪಾ, ಗ್ರಾಮೋ ಮಿಲಿಲೀಟರೋ?’ ಅಂತ ಕೇಳ್ತೀವಲ್ಲ, ಕಂಟ್ರೋಲರ್ ಬರೆದವರಿಗೂ ಅದನ್ನೇ ಕೇಳಬೇಕು.

ಯುಡೈಸ್ ಕೋಡನ್ನೇ ತಗೊಳ್ಳಿ. 11 ಅಂಕಿ: ರಾಜ್ಯಕ್ಕೆ 2, ಜಿಲ್ಲೆಗೆ 2, ಬ್ಲಾಕಿಗೆ 2, ಊರಿಗೆ 3, ಶಾಲೆಗೆ 2. ಉಮರಗಾ, ನಿಲಂಗಾ, ಉದಗೀರದ ಶಾಲೆಗಳದ್ದು 27ರಿಂದ ಶುರು. ಗಡಿಯಾಚೆ ಆಳಂದ, ಭಾಲ್ಕಿಯದ್ದು 29ರಿಂದ. ನೋಡಲಿಕ್ಕೆ ಸಂಖ್ಯೆ, ಆದರೆ ಅದನ್ನು ಸಂಖ್ಯೆ ಅಂತ ಇಟ್ಟರೆ ಕೆಡ್ತದೆ. ದೆಹಲಿಯ ಕೋಡ್ 07. ಮುಂದಿನ ಸೊನ್ನೆ ಬಿದ್ದುಹೋಗಿ 10 ಅಂಕಿ ಉಳೀತದೆ. ನಮ್ಮ 27ರ ಮೇಲೆ ಪರೀಕ್ಷಿಸಿದರೆ ಈ ದೋಷ ಕಾಣೋದೇ ಇಲ್ಲ. ಅದಕ್ಕೇ ವಿವರಣೆಯಲ್ಲಿ ‘ಪಠ್ಯ, 11 ಅಕ್ಷರ’ ಅಂತ ಇರಬೇಕು.

ಇನ್ನು ಮಾಧ್ಯಮ. ಜಾವಾದ ಸ್ಪ್ರಿಂಗ್‌ನಲ್ಲಿ ರಿಕ್ವೆಸ್ಟ್‌ಪ್ಯಾರಾಮ್ ಗುರುತು ಹಾಕಿದ ಪ್ಯಾರಾಮೀಟರ್ ತಾನಾಗೇ ಕಡ್ಡಾಯ. ಅದು ಬರದಿದ್ದರೆ 400 ಅನ್ನೋ ದೋಷ ಬರ್ತದೆ, ಕಳಿಸಿದವರಿಗೆ ತಪ್ಪು ಗೊತ್ತಾಗ್ತದೆ. ಅದೇ ಗುರುತಿಗೆ ಯಾರೋ ಪೂರ್ವನಿಗದಿತ ಬೆಲೆಯಾಗಿ ‘ಮರಾಠಿ’ ಸೇರಿಸಿದರು ಅನ್ನಿ. ಕಡ್ಡಾಯ ಅನ್ನೋದು ಅಲ್ಲಿಗೇ ಹೋಯಿತು! ಖಾಲಿ ಬಿಟ್ಟ ಕನ್ನಡ ಶಾಲೆಯ ಮಗು ಸದ್ದಿಲ್ಲದೆ ಮರಾಠಿ ಮಾಧ್ಯಮಕ್ಕೆ ಸೇರ್ತದೆ. ಯಾವ ದೋಷವೂ ಪರದೆ ಮೇಲೆ ಬರೋದಿಲ್ಲ. ಆ ಪಟ್ಟಿ ನೋಡಿ ಪುಸ್ತಕ ಕಳಿಸೋದಾದರೆ ಕನ್ನಡ ಪುಸ್ತಕ ಎಷ್ಟು ಕಡಿಮೆ ಬೀಳ್ತಾವೆ, ಲೆಕ್ಕ ಹಾಕಿ. ನನ್ನ ಪ್ರಕಾರ ಇಂಥ ಕಡೆ ಪೂರ್ವನಿಗದಿತ ಬೆಲೆ ಇಡಲೇಬಾರದು. ಇಟ್ಟರೆ ಕಂಟ್ರೋಲರಿನ ಟಿಪ್ಪಣಿಯಲ್ಲಿ ಕಾಣುವಂತೆ ಹೇಳಬೇಕು.

ಟಿಪ್ಪಣಿ ಉದ್ದ ಬೇಕಿಲ್ಲ:

‘ಮಾಧ್ಯಮ: ಪಠ್ಯ. ಕಡ್ಡಾಯ. ಒಪ್ಪುವ ಬೆಲೆಗಳು ಕೆಎನ್ (ಕನ್ನಡ), ಎಂಆರ್ (ಮರಾಠಿ), ಯುಆರ್ (ಉರ್ದು). ಬೇರೇನು ಬಂದರೂ 400.’

ಜಾವಾದಲ್ಲಿ ಇದನ್ನು ಮೆಥಡ್ಡಿನ ಮೇಲಿನ ಟಿಪ್ಪಣಿಯಲ್ಲಿ ಪ್ಯಾರಾಮ್ ಅನ್ನೋ ಗುರುತಿನ ಮುಂದೆ ಬರೀತಾರೆ. ಕೋಡ್ ಬದಲಾದ ದಿನವೇ ಈ ಸಾಲೂ ಬದಲಾಗಬೇಕು.

ಕಂಪ್ಯೂಟರ್ ಇಲ್ಲದಿದ್ದರೂ ತರಗತಿಯಲ್ಲಿ ಮಾಡಿಸಬಹುದು. ಒಂಬತ್ತನೇ ಇಯತ್ತೆಯವರಿಗೆ ಹಲಗೆ ಮೇಲೆ ‘ಜನ್ಮದಿನಾಂಕ: 05/06/2012’ ಅಂತ ಬರೆದು ತಿಂಗಳು ಯಾವುದು ಅಂತ ಕೇಳಿ. ಜೂನ್ ಅಂತಾರೆ. ಅಮೆರಿಕದ ರೂಢಿಯಲ್ಲಿ ಅದು ಮೇ 6. ಆಮೇಲೆ ಆ ಒಂದು ಪ್ಯಾರಾಮೀಟರಿಗೆ ವಿವರಣೆ ಬರೆಯಲು ಹೇಳಿ.