ಬಜೆ, ಜೇನು, ಗ್ರೈಪ್‌ವಾಟರ್: ಆಪ್ತಸಮಾಲೋಚಕರು ಹೆಸರು ಹಿಡಿದು ಕೇಳಬೇಕಾದದ್ದು

ಎಚ್‌ಐವಿ ಸೋಂಕಿರುವ ಗರ್ಭಿಣಿಗೆ ಚಿಕಿತ್ಸೆ ದೊರೆಯದಿದ್ದಲ್ಲಿ ಬಸಿರು, ಹೆರಿಗೆ, ಮೊಲೆಯೂಡಿಕೆಗಳ ಮೂಲಕ ಶಿಶುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ಸೇವಿಸಿದಲ್ಲಿ ಅದು 5ಕ್ಕಿಂತ ಕೆಳಗಿಳಿಯುವುದು. 2014ರಿಂದ ನಮ್ಮ ದೇಶದಲ್ಲಿ ಇಂತಹ ಗರ್ಭಿಣಿಯರೆಲ್ಲರಿಗೂ ಈ ಔಷಧ ಆಜೀವಪರ್ಯಂತ ಲಭ್ಯ. ಸಮಾಲೋಚಕರ ತರಬೇತಿಯ ಮೊದಲ ಗಂಟೆಯಲ್ಲಿಯೇ ಇಷ್ಟನ್ನು ಹೇಳಿ ಮುಗಿಸಿ, ಉಳಿದ ಕಾಲವನ್ನು ಅಭ್ಯಾಸಕ್ಕೆ ಮೀಸಲಿಡುವುದು ಯುಕ್ತ.

ಮೊದಲು ಪರೀಕ್ಷಾಪೂರ್ವ ಸಮಾಲೋಚನೆ. ಸಮ್ಮತಿ, ಗೋಪ್ಯತೆಗಳು 2017ರ ಎಚ್‌ಐವಿ-ಏಡ್ಸ್ ಕಾಯಿದೆಯ ವಿಧಿ. ತಾಯಿ ಕಾರ್ಡಿನ ಮೇಲೆ ಕೆಂಪುಶಾಯಿಯ ಗುರುತು ಹಾಕುವ ಚಾಳಿಯನ್ನು ಶಿಬಿರದಲ್ಲಿಯೇ ಬಿಡಿಸಿರಿ. ಬಳಿಕ ಫಲಿತಾಂಶವನ್ನು ತಿಳಿಸುವ ಕ್ರಮ: ಆಕೆ ಅಳುವಷ್ಟು ಹೊತ್ತು ಸುಮ್ಮನೆ ಕುಳಿತಿರಲಾರದವರಿಗೆ ಈ ಕೆಲಸ ಸಲ್ಲದೆಂಬುದು ನನ್ನ ಮತ. ಅನಂತರ ಎಆರ್‌ಟಿ ಕೇಂದ್ರಕ್ಕೆ ಕಳುಹಿಸುವುದು, ಪತಿಯ ಪರೀಕ್ಷೆ.

ಎಡವುವುದು ಹೆರಿಗೆಯಾದ ಮೇಲೆ. ‘ಬರೀ ಎದೆಹಾಲು ತಾನೆ?’ ಎಂದರೆ ‘ಹೂಂ ಮೇಡಂ’ ಎಂಬ ಉತ್ತರ ಬರುತ್ತದೆ, ದಾಖಲೆಯಲ್ಲಿ ಗುರುತು ಬೀಳುತ್ತದೆ. ಆಕೆ ಸುಳ್ಳಾಡಿದವಳಲ್ಲ, ತೇಯ್ದು ನೆಕ್ಕಿಸಿದ ಬಜೆ ಆಕೆಯ ಲೆಕ್ಕದಲ್ಲಿ ಔಷಧ, ಜೇನು ಶಾಸ್ತ್ರ, ಗ್ರೈಪ್‌ವಾಟರ್ ಹೊಟ್ಟೆನೋವಿಗೆ. ಮೊದಲ ಆರು ತಿಂಗಳಲ್ಲಿ ಎದೆಹಾಲಿನೊಡನೆ ಇಂತಹವು ಬೆರೆತಾಗ ಶಿಶುವಿನ ಕರುಳಿನ ಕೋಮಲವಾದ ಒಳಪದರಕ್ಕೆ ಧಕ್ಕೆಯಾಗಿ ಸೋಂಕಿಗೆ ದಾರಿ ತೆರೆಯಬಹುದಾದುದರಿಂದ, ಬಜೆ, ಜೇನು, ಹರಳೆಣ್ಣೆ, ಸಕ್ಕರೆನೀರು, ಹಸುವಿನ ಹಾಲು ಎಂದು ಒಂದೊಂದರ ಹೆಸರು ಹಿಡಿದು, ಗದರದೆ, ವಿಚಾರಿಸುವುದನ್ನು ಕಲಿಸತಕ್ಕದ್ದು. ಕೊಟ್ಟಿದ್ದೇನೆಂದು ಒಪ್ಪಿಕೊಂಡವಳಿಗೆ ಎದೆಹಾಲು ನಿಲ್ಲಿಸಲು ಹೇಳಬಾರದು. ಇವುಗಳನ್ನು ನಿಲ್ಲಿಸಿ, ಮಾತ್ರೆ ಮುಂದುವರಿಸಲು ಹೇಳಬೇಕು.

ಇದನ್ನು ಅಭಿನಯದಿಂದಲೇ ಕಲಿಸಿರಿ. ಒಬ್ಬಳು ಬಾಣಂತಿ, ಒಬ್ಬಳು ಸಮಾಲೋಚಕಿ, ಮೂರನೆಯವಳು ಬಜೆ ಹಿಡಿದ ಅತ್ತೆ. ಸೊಸೆಯ ಸೋಂಕು ಅತ್ತೆಗೆ ತಿಳಿದಿಲ್ಲ, ತಿಳಿಸುವ ಅಧಿಕಾರ ಸಮಾಲೋಚಕಿಗೂ ಇಲ್ಲ, ಸೊಸೆ ಬೇಡವೆನ್ನುವುದೆಂತು? ‘ಆರು ತಿಂಗಳು ನೀರೂ ಬೇಡ ಅಂತ ಡಾಕ್ಟ್ರು ಎಲ್ಲಾ ಮಕ್ಕಳಿಗೂ ಹೇಳ್ತಾರೆ, ಅತ್ತೆ’ ಎಂಬ ಮಾತನ್ನು ಆಕೆಯ ಬಾಯಿಗೆ ಹೊಂದಿಸಿಕೊಡಬೇಕು. ಇದು ನೆಪವಲ್ಲ, ಸಕಲ ಶಿಶುಗಳಿಗೂ ಸಲ್ಲುವ ಸತ್ಯ.

ಸ್ಥಳಾಭಾವದಿಂದ ಉಳಿದುದು ಸಂಕ್ಷೇಪವಾಗಿ: ಮಗುವಿಗೆ ಹುಟ್ಟಿದ ಕೂಡಲೆ ತಡೆಯೌಷಧ, ಆರನೆಯ ವಾರ ಹಿಮ್ಮಡಿಯ ರಕ್ತದ ಪರೀಕ್ಷೆ, ತಾಯಿಯ ಪ್ರತಿಕಾಯಗಳು ಮಗುವಿನಲ್ಲಿ ಬಹುಕಾಲ ಉಳಿಯುವುದರಿಂದ 18 ತಿಂಗಳಿಗೆ ಇನ್ನೊಂದು. ಬಾಣಂತನಕ್ಕೆ ಹೋಗುವ ತವರೂರನ್ನು ಮೊದಲೇ ಕೇಳಿ, ಅಲ್ಲಿಗೆ ಸಮೀಪದ ಕೇಂದ್ರದ ಹೆಸರನ್ನು ಹೇಳಿಕೊಡಿರಿ. ಸಹಾಯವಾಣಿ: 1097.