ಸರ್ಕಾರದೊಡನೆ ಕರಾರು

ಹೊಸಮನೆಯಲ್ಲಿ ಗಾರೆ ಮೇಸ್ತ್ರಿಗಳಾದ ನನ್ನ ತಂದೆಯವರು ಎರಡು ವರ್ಷಗಳ ಹಿಂದೆ ಕೇಂದ್ರ ಸರ್ಕಾರದ ಒಂದು ಕಚೇರಿಗೆ ಕಾಂಪೌಂಡು ಗೋಡೆ ಕಟ್ಟಿಕೊಟ್ಟರು. ಗೋಡೆ ನಿಂತಿದೆ, ಹಣ ಬಂದಿಲ್ಲ. ಕೆಲಸ ಹೇಳಿದ ಅಧಿಕಾರಿಗೆ ವರ್ಗವಾಯಿತು. “ಆದೇಶದ ಕಾಗದವೆಲ್ಲಿ?” ಎಂಬುದು ಈಗಿನವರ ಪ್ರಶ್ನೆ. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಇಬ್ಬರು ವ್ಯಾಪಾರಿಗಳ ನಡುವೆ ಬಾಯಿಮಾತಿನ ಕರಾರೂ ಊರ್ಜಿತವಾಗಬಹುದು. ಸರ್ಕಾರದ ವಿಷಯ ಹಾಗಲ್ಲ. ಸಂವಿಧಾನದ ೨೯೯ನೆಯ ವಿಧಿಯಂತೆ ಕೇಂದ್ರದ ಕರಾರು ರಾಷ್ಟ್ರಪತಿಗಳ ಹೆಸರಿನಲ್ಲಿರಬೇಕು. ಅಧಿಕಾರ ಪಡೆದವರೇ ಅವರ ಪರವಾಗಿ ಬರೆದುಕೊಡಬೇಕು. ಯಾರೋ ಒಬ್ಬ ನೌಕರನ ಮಾತಿಗೆ ಸಾರ್ವಜನಿಕರ ಹಣ ಸಿಕ್ಕಿಬೀಳಬಾರದೆಂಬುದೇ ಇದರ ಉದ್ದೇಶ.

ಹಾಗಾದರೆ ದುಡಿದವನ ಗತಿಯೇನು? ೧೮೭೨ರ ಕರಾರು ಅಧಿನಿಯಮದ ೭೦ನೆಯ ಕಲಮು ಇಲ್ಲಿ ನೆರವಿಗೆ ಬರುತ್ತದೆ. ಪುಕ್ಕಟೆಯಾಗಿ ಅಲ್ಲದೆ, ನ್ಯಾಯವಾಗಿ ಮಾಡಿದ ಕೆಲಸದ ಫಲವನ್ನು ಅನುಭವಿಸಿದವನು ಪರಿಹಾರ ಕೊಡತಕ್ಕದ್ದು. ೧೯೪೪ರಲ್ಲಿ ಬಂಗಾಳದ ಬಿ. ಕೆ. ಮಂಡಲ್ ಮತ್ತು ಮಕ್ಕಳ ಸಂಸ್ಥೆಯು ನಾಗರಿಕ ಸರಬರಾಜು ಇಲಾಖೆಗೆ ಕಚೇರಿ, ಅಡಿಗೆಮನೆ, ಉಗ್ರಾಣದ ಶೆಡ್ಡುಗಳನ್ನು ಕಟ್ಟಿಕೊಟ್ಟಿತ್ತು. ಕರಾರು ಕ್ರಮಬದ್ಧವಾಗಿರಲಿಲ್ಲ, ಆದರೂ ಅವನ್ನು ಸ್ವೀಕರಿಸಿ ಬಳಸಿದ ಸರ್ಕಾರ ಹಣ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೬೧ರಲ್ಲಿ ತೀರ್ಪಿತ್ತಿತು. ಹೀಗೆ ದೊರೆಯುವುದು ಕೆಲಸದ ಯೋಗ್ಯ ಬೆಲೆಯೇ ಹೊರತು ಮಾತಾಡಿದ ದರವಲ್ಲ.

ದಾವೆಗೆ ಮೂರು ವರ್ಷಗಳ ಅವಧಿ. ಅದಕ್ಕೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ ೮೦ನೆಯ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು. ನಮಗೆ ಇನ್ನೊಂದು ವರ್ಷ ಉಳಿದಿದೆ.

ತಂದೆಯವರು ಅಕ್ಷರ ಕಲಿತವರಲ್ಲ. ಆದರೆ ಮರಳು, ಸಿಮೆಂಟಿನ ಚೀಟಿಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದಾರೆ. ಮೊನ್ನೆ ಅವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ವಕೀಲರಿಗೆ ತೋರಿಸಲು ಸಿದ್ಧಪಡಿಸಿದೆ. ಇನ್ನು ಮುಂದೆ ಸಹಿಯಾದ ಕಾಗದ ಕೈಸೇರುವವರೆಗೆ ನಮ್ಮ ಮನೆಯವರು ಪಾಯ ತೋಡುವುದಿಲ್ಲ.