ಇಂಜಿನ್ ಕಾಲು ಬಿರಿದರೆ: ಮಾಡಬೇಕಾದ್ದು, ಮಾಡಬಾರದ್ದು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದವರು, ಜೀಪು ಇಟ್ಟುಕೊಂಡವರು ಮತ್ತು ವೆಲ್ಡಿಂಗ್ ಅಂಗಡಿಯವರ ಗಮನಕ್ಕೆ.

ಡೀಸೆಲ್ ಪಂಪು, ಟಿಲ್ಲರ್, ಹಳೆಯ ಜೀಪು, ಇವುಗಳ ಇಂಜಿನ್ ಬ್ಲಾಕು ಹೆಚ್ಚಾಗಿ ಬೀಡಿನದ್ದು (ಎರಕದ ಕಬ್ಬಿಣ). ಬೋಲ್ಟು ಹಾಕಿ ಕೂರಿಸುವ ಕಾಲಿನಲ್ಲಿ ಬಿರುಕು ಕಂಡ ಕೂಡಲೇ ಇಂಜಿನ್ ನಿಲ್ಲಿಸಿ. ಇವತ್ತಿನ ನೀರು ಬಿಟ್ಟಾಗಲಿ, ಈ ಸಲದ ಮದ್ದು ಬಿಟ್ಟು ಮುಗಿಯಲಿ ಎಂದು ಓಡಿಸಬೇಡಿ. ಒಂದು ಕಾಲಿನ ಹಿಡಿತ ತಪ್ಪಿದರೆ ಅದರ ಅದುರಾಟವನ್ನೆಲ್ಲ ಉಳಿದ ಮೂರು ಕಾಲುಗಳೇ ತಿನ್ನಬೇಕು.

ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ. ಮದ್ದು ಬಿಡುವ ಸಣ್ಣ ಪೆಟ್ರೋಲ್ ಇಂಜಿನ್ನುಗಳಲ್ಲಿ ಅನೇಕವು ಹಾಗೇ ಇರುತ್ತವೆ. ಈ ಸೂಚನೆ ಅವಕ್ಕೆ ಅಲ್ಲ.

ಮೊದಲು ಕಾರಣ ಹುಡುಕಿ

ಬೀಡು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅಷ್ಟು ತಡೆಯುವುದಿಲ್ಲ. ಅದರೊಳಗೆ 2.5ರಿಂದ 4 ಶೇಕಡದಷ್ಟು ಇಂಗಾಲವಿದ್ದು, ಬಹುಪಾಲು ಗ್ರಾಫೈಟ್ ಪದರಗಳಾಗಿ ಹರಡಿಕೊಂಡಿರುತ್ತದೆ. ಎಳೆತ ಬಿದ್ದಾಗ ಬಿರುಕು ಆ ಪದರಗಳ ಗುಂಟ ಓಡುತ್ತದೆ. ಹಾಗಾಗಿ ಕಾಲು ಬಿರಿದಿದೆ ಎಂದರೆ ಯಾವುದೋ ಒಂದು ಅದನ್ನು ಎಳೆಯುತ್ತಿತ್ತು ಎಂದೇ ತಿಳಿಯಿರಿ.

ನಮ್ಮ ಕಡೆ ಆ ಕಾರಣ ಹೆಚ್ಚಾಗಿ ಅಡಿಪಾಯದಲ್ಲಿರುತ್ತದೆ. ವರ್ಷಕ್ಕೆ 3500 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆ ಇದು. ತೋಡಿನ ಬದಿಯಲ್ಲಿ ಮುರಕಲ್ಲಿನ ಮೇಲೆ ತೆಳ್ಳಗೆ ಗಾರೆ ಬಳಿದು ಕೂರಿಸಿದ ಇಂಜಿನ್ನಿನ ಕೆಳಗೆ ಮಣ್ಣು ಕೊಚ್ಚಿಹೋಗಿ ಒಂದು ಮೂಲೆ ತಗ್ಗುತ್ತದೆ. ಆಮೇಲೆ ಬೋಲ್ಟು ಬಿಗಿ ಮಾಡಿದಷ್ಟೂ ಕಾಲು ಬಾಗುತ್ತದೆ. ಒಂದೊಂದೇ ಬೋಲ್ಟು ಸಡಿಲಿಸಿ ನೋಡಿ. ಸಡಿಲಿಸಿದ ಕಾಲು ಮೇಲೆದ್ದರೆ ಕಾರಣ ಸಿಕ್ಕಿತು. ಪಂಪಿನ ಶಾಫ್ಟೂ ಇಂಜಿನ್ನಿನ ಶಾಫ್ಟೂ ಒಂದೇ ನೇರದಲ್ಲಿವೆಯೇ ಎಂದೂ ನೋಡಿ. ಜೀಪಿನಲ್ಲಾದರೆ ಮೌಂಟಿಂಗ್ ರಬ್ಬರ್ ಪರೀಕ್ಷಿಸಿ. ಎಣ್ಣೆ ಕುಡಿದು ಮೆತ್ತಗಾದದ್ದನ್ನು, ಸೀಳಿದ್ದನ್ನು ಬದಲಿಸಿ. ಕಾರಣ ಸರಿಪಡಿಸದೆ ವೆಲ್ಡಿಂಗ್‌ಗೆ ದುಡ್ಡು ಸುರಿಯಬೇಡಿ.

ಬಿರುಕು ಎಲ್ಲಿವರೆಗೆ ಹೋಗಿದೆ?

ಕಣ್ಣಿಗೆ ಕಂಡಷ್ಟೇ ಎಂದು ನಂಬಬೇಡಿ. ಜಾಗವನ್ನು ಚೆನ್ನಾಗಿ ತೊಳೆದು ಚಿಮಿಣಿ ಎಣ್ಣೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಒಳಗಿಳಿದ ಎಣ್ಣೆ ಹೊರಬಂದು ಬಿರುಕಿನ ಗೆರೆಯನ್ನು ತೋರಿಸುತ್ತದೆ. ಆ ಗೆರೆ ನೀರಿನ ಜಾಕೆಟ್ಟಿಗೋ ಸಿಲಿಂಡರಿಗೋ ಮೈನ್ ಬೇರಿಂಗಿನ ಮನೆಗೋ ತಲುಪಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಕೈ ಹಾಕಿಸಬೇಡಿ. ಹಲವು ಸಣ್ಣ ಡೀಸೆಲ್ ಇಂಜಿನ್ನುಗಳ ಕ್ರ್ಯಾಂಕ್‌ಕೇಸ್ ಬಿಡಿಭಾಗವಾಗಿ ಸಿಗುತ್ತದೆ, ಅದನ್ನೇ ಹಾಕಿಸಿ.

ಬೆಸುಗೆ ಹಾಕುವವರಿಗೆ

ಬಿರುಕಿನ ತುದಿಯಿಂದ ತುಸು ಆಚೆಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಬಿಸಿ ತಾಗಿದಾಗ ಬಿರುಕು ಮುಂದೆ ಓಡುತ್ತದೆ. ಗೆರೆಯುದ್ದಕ್ಕೂ ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಗ್ರೈಂಡ್ ಮಾಡಿ. ಹಳೆಯ ಬೀಡು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಹದವಾಗಿ ಬಿಸಿ ಮಾಡಿ ಎಣ್ಣೆ ಹೊರಬರಿಸಿ ಒರಸಿ, ಎಣ್ಣೆ ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿ. ಅವಸರದವರು ಬಿಟ್ಟುಬಿಡುವ ಕೆಲಸ ಇದೇ. ಬೆಸುಗೆ ನೊರೆನೊರೆಯಾಗಿ ಏಳುವುದೂ ಇದರಿಂದಲೇ.

ನಿಕ್ಕಲ್ ರಾಡು ಬಳಸಿ. ಬೆಲೆ ಹೆಚ್ಚು, ನಿಜ. ಆದರೆ ಸಾಮಾನ್ಯ ಎಂ.ಎಸ್. ರಾಡು ಬೀಡಿನ ಇಂಗಾಲವನ್ನು ಎಳೆದುಕೊಂಡು ಗಾಜಿನಂತೆ ಗಡುಸಾಗುತ್ತದೆ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಮಳೆಗಾಲದಲ್ಲಿ ತೇವ ಎಳೆದ ರಾಡು ಹಚ್ಚಬೇಡಿ. ಆಂಪಿಯರ್ ಕಡಿಮೆ ಇಡಿ. ಒಂದು ಸಲಕ್ಕೆ 25 ಮಿ.ಮೀ.ಗಿಂತ ಉದ್ದ ಎಳೆಯಬೇಡಿ. ಎಳೆದ ತಕ್ಷಣ, ಬಿಸಿ ಇರುವಾಗಲೇ, ಗುಂಡುತಲೆಯ ಸುತ್ತಿಗೆಯಿಂದ ಹಗುರವಾಗಿ ಬಡಿಯಿರಿ. ಬರಿಗೈ ಇಡುವಷ್ಟು ತಣಿದ ಮೇಲೆಯೇ ಮುಂದಿನ ತುಂಡು. ಅರ್ಧ ದಿನ ಹಿಡಿಯುವ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ ಎಂದು ಗಿರಾಕಿಗಳೂ ಪೀಡಿಸಬೇಡಿ.

ಅರ್ತ್ ಕ್ಲ್ಯಾಂಪನ್ನು ಬಿರುಕಿನ ಹತ್ತಿರ ಬ್ಲಾಕಿಗೇ ಹಾಕಿ. ಫ್ಲೈವೀಲಿಗೆ, ಪಂಪಿಗೆ ಹಾಕಲೇಬೇಡಿ. ಕರೆಂಟು ಬೇರಿಂಗಿನ ಮೂಲಕ ಹಾದು ಅದನ್ನು ಸುಡುತ್ತದೆ. ಜೀಪಾದರೆ ಬ್ಯಾಟರಿ ಬಿಚ್ಚಿಡಿ. ಡೀಸೆಲ್ ಟ್ಯಾಂಕ್ ಕಳಚಿ ದೂರ ಇಡಿ. ಸೋಗೆ, ಹಾಳೆ ರಾಶಿ ಹಾಕಿದ ಪಂಪು ಶೆಡ್ಡಿನೊಳಗೆ ಕಿಡಿ ಹಾರಿಸಬೇಡಿ. ಇಂಜಿನ್ನನ್ನು ಹೊರಗೆ ತನ್ನಿ.

ಮುಗಿದ ಮೇಲೆ ನೀರು ಹೊಯ್ಯಬೇಡಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಒಣ ಬೂದಿಯಲ್ಲೋ ಒಣ ಮರಳಿನಲ್ಲೋ ಮುಚ್ಚಿಡಿ. ತಣಿಯುವಾಗ ಟಿಣ್ ಎಂದು ಸದ್ದು ಬಂದರೆ ಎಲ್ಲೋ ಒಡೆದಿದೆ. ಚಿಮಿಣಿ ಎಣ್ಣೆ ಪರೀಕ್ಷೆ ಮತ್ತೆ ಮಾಡಿ. ಎಪಾಕ್ಸಿ ಅಂಟು ಸೋರಿಕೆಗೆ ಆದೀತು, ಭಾರ ಹೊರುವ ಕಾಲಿಗೆ ಬೇಡವೇ ಬೇಡ.

1917ರಲ್ಲಿ ಅಮೆರಿಕದ ಬಂದರುಗಳಲ್ಲಿ ಸಿಕ್ಕಿಕೊಂಡಿದ್ದ ಜರ್ಮನ್ ಹಡಗುಗಳ ಸಿಬ್ಬಂದಿ ಬೀಡಿನ ಸಿಲಿಂಡರುಗಳನ್ನು ಬೇಕೆಂದೇ ಒಡೆದು ಹಾಕಿದ್ದರು. ಇನ್ನು ಆಗದು ಎಂದುಕೊಂಡಿದ್ದ ಆ ಇಂಜಿನ್ನುಗಳನ್ನು ಅಮೆರಿಕದವರು ವೆಲ್ಡಿಂಗ್ ಮಾಡಿಯೇ ಮತ್ತೆ ಓಡಿಸಿದರು. ಬೀಡಿಗೆ ಬೆಸುಗೆ ಕೂರುವುದಿಲ್ಲ ಎಂಬ ಮಾತು ಸುಳ್ಳು, ಕ್ರಮ ತಪ್ಪಿದರೆ ಕೂರುವುದಿಲ್ಲ.

ಮತ್ತೆ ಕೂರಿಸುವಾಗ

ಬರೇ ಬೆಸುಗೆಯ ಮೇಲೆ ಭಾರ ಹಾಕಬೇಡಿ. ಗಟ್ಟಿ ಇರುವ ಬೋಲ್ಟು ತೂತುಗಳನ್ನು ಹಿಡಿದು ದಪ್ಪ ಉಕ್ಕಿನ ಪಟ್ಟಿಯ ಬ್ರ್ಯಾಕೆಟ್ ಮಾಡಿಸಿ ಬಿರಿದ ಕಾಲಿಗೆ ಆಸರೆ ಕೊಡಿ. ಕಾಲಿನ ಕೆಳಗೆ ಸಂದು ಇದ್ದರೆ ಸರಿಯಾದ ದಪ್ಪದ ತಗಡು ಕೊಡಿ. ಮರದ ಚಕ್ಕೆ, ಟಯರ್ ತುಂಡು ತುರುಕಬೇಡಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅಡಿಪಾಯ ಹೊಸದಾಗಿ ಹಾಕುವುದಾದರೆ ಇಂಜಿನ್ನಿನ ಮೂರುಪಟ್ಟಾದರೂ ತೂಕದ ಕಾಂಕ್ರೀಟ್ ಇರಲಿ. ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಬೇಕು.

ಮಳೆಗಾಲದ ಮೊದಲ ಮದ್ದಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ಈ ಕೆಲಸಕ್ಕೆ ಸಮಯ ಉಳಿದಿರುವುದಿಲ್ಲ. ದಯವಿಟ್ಟು ಏಪ್ರಿಲ್ ತಿಂಗಳಲ್ಲೇ ಇಂಜಿನ್ನಿನ ನಾಲ್ಕೂ ಕಾಲು ಒರಸಿ ನೋಡಿ, ರಿಪೇರಿ ಮಾಡಿಸಿದವರು ಹತ್ತು ಗಂಟೆ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.